ಕೋಲೆ ಬಸವನ ಹಾಗೆ ತಲೆ ಆಡಿಸುವ ದೋಣಿ

ಈ ತಿಂಗಳು ಬಂದ ಪತ್ರಗಳಲ್ಲಿ ‘ಇಂಜಿನ್ ಸ್ಟಾರ್ಟ್ ಆಗುತ್ತಿಲ್ಲ’ ಎನ್ನುವ ದೂರು ಒಂದೂ ಇಲ್ಲ. ಎಲ್ಲರದ್ದೂ ದೋಣಿಯ ನಡತೆಯ ಗೋಳು. ಕುಣಿಯುತ್ತದೆ, ಕುಟ್ಟುತ್ತದೆ, ಒಂದು ಕಡೆ ಎಳೆಯುತ್ತದೆ. ನನಗೆ ಖುಷಿಯೇ ಆಯಿತು. ಗಂಗೊಳ್ಳಿಯ ಶೆಡ್ಡಿನಲ್ಲಿ ಮೂವತ್ತನಾಲ್ಕು ವರ್ಷ, ದೋಣಿಯ ಹಿಂಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಇಂಜಿನ್ ಬಿಚ್ಚಿ ಕಟ್ಟಿದ್ದೇನೆ. ಅದರಲ್ಲಿ ಅರ್ಧದಷ್ಟು ಸಲ ಇಂಜಿನ್ನಿನದು ತಪ್ಪೇ ಇರಲಿಲ್ಲ. ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೇಸ್ತ್ರಿಗಳೇ, ನನ್ನದು 16 ಅಡಿಯ ಫೈಬರ್ ದೋಣಿ, 25 ಎಚ್‌ಪಿ ಇಂಜಿನ್. ಶರಾವತಿ ಹೊಳೆಯಲ್ಲಿ ಪ್ರವಾಸಿಗಳನ್ನು ಕಾಂಡ್ಲಾ ಗಿಡ (ಮ್ಯಾಂಗ್ರೋವ್) ತೋರಿಸಲು ಕರೆದುಕೊಂಡು ಹೋಗುತ್ತೇನೆ. ಜನ ತುಂಬಿದ್ದರೆ ತೊಂದರೆ ಇಲ್ಲ. ಒಬ್ಬನೇ ವಾಪಸ್ ಬರುವಾಗ ಸ್ಪೀಡ್ ಜಾಸ್ತಿ ಮಾಡಿದರೆ ಮೂತಿ ಮೇಲೆ ಕೆಳಗೆ, ಮೇಲೆ ಕೆಳಗೆ ಕುಣಿಯುತ್ತದೆ. ಇಂಜಿನ್ನಿಗೆ ರೆಕ್ಕೆಯಂಥ ಫಿನ್ ಹಾಕಿಸು ಅಂತ ಒಬ್ಬರು, ದೊಡ್ಡ ಇಂಜಿನ್ ಹಾಕು ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?
— ಹೊನ್ನಾವರದ ಓದುಗರು

ಇಬ್ಬರ ಮಾತೂ ಕೇಳಬೇಡಿ. ನಿಮ್ಮ ದೋಣಿಯ ಮಾತು ಕೇಳಿ, ಅದು ಆಗಲೇ ಹೇಳಿಬಿಟ್ಟಿದೆ. ಜನ ತುಂಬಿದರೆ ಸರಿ, ಒಬ್ಬನೇ ಇದ್ದರೆ ಕುಣಿತ. ಅಂದರೆ ಮುಂದೆ ಭಾರ ಸಾಲದು.

ದೋಣಿ ಜೋರಾಗಿ ಓಡುವಾಗ ನೀರಿನೊಳಗೆ ತೇಲುವುದಿಲ್ಲ, ನೀರಿನ ಮೇಲೆ ಜಾರುತ್ತದೆ. ಆಗ ಅದರ ಇಡೀ ತೂಕ ನಿಲ್ಲುವುದು ಹಿಂದಿನ ಅಷ್ಟಗಲ ತಳದ ಮೇಲೆ ಮಾತ್ರ. ಭಾರವೆಲ್ಲ ಹಿಂದೆಯೇ ಇದ್ದರೆ ಮೂತಿ ಏಳುತ್ತದೆ. ತೀರಾ ಎದ್ದಾಗ ತಾಗುವ ತಳ ಕಡಿಮೆಯಾಗಿ ಧೊಪ್ಪನೆ ಬೀಳುತ್ತದೆ. ಬಿದ್ದ ಕೂಡಲೇ ನೀರು ಮತ್ತೆ ಎತ್ತುತ್ತದೆ. ಕೋಲೆ ಬಸವ ತಲೆ ಆಡಿಸಿದ ಹಾಗೆ, ನಿಲ್ಲುವುದೇ ಇಲ್ಲ. ಇಂಗ್ಲಿಷಿನವರು ಇದಕ್ಕೆ ಪೋರ್ಪಸಿಂಗ್ ಅನ್ನುತ್ತಾರೆ. ನಮ್ಮ ಶೆಡ್ಡಿನಲ್ಲಿ ‘ಬಸವ ಬಂದ’ ಅಂದರೆ ಸಾಕು, ಹುಡುಗರಿಗೆ ಅರ್ಥವಾಗುತ್ತದೆ.

ನೀವು ಒಬ್ಬರೇ ಇರುವಾಗ ಹಿಂದೆ ಏನೇನಿದೆ, ಲೆಕ್ಕ ಹಾಕಿ. ಇಂಜಿನ್ ಐವತ್ತೈದು ಕೆಜಿ ಇರಬಹುದು. ನೀವು ಎಪ್ಪತ್ತೈದು. 25 ಲೀಟರ್ ಪೆಟ್ರೋಲ್ ಅಂದರೆ ಹತ್ತೊಂಬತ್ತು ಕೆಜಿ ಹತ್ತಿರ, ಮೇಲೆ ಟ್ಯಾಂಕಿನ ತೂಕ. ಬ್ಯಾಟರಿ ಹದಿನೈದು. ಲಂಗರು, ಹಗ್ಗ, ತಳದಲ್ಲಿ ಉಳಿದ ಒಂದು ಬಕೆಟ್ ನೀರು. ಇನ್ನೂರು ಕೆಜಿ ಹತ್ತಿರ ಬಂತು. ಎಲ್ಲವೂ ಕೊನೆಯ ನಾಲ್ಕಡಿ ಜಾಗದಲ್ಲಿ! ಮುಂದಿನ ಹನ್ನೆರಡು ಅಡಿಯಲ್ಲಿ ಗಾಳಿ.

ದುಡ್ಡು ಖರ್ಚು ಮಾಡುವ ಮೊದಲು ಒಂದು ಬೆಳಿಗ್ಗೆ ಖರ್ಚು ಮಾಡಿ. ಇಪ್ಪತ್ತು ಲೀಟರಿನ ಮೂರು ಕ್ಯಾನ್‌ಗಳಿಗೆ ನೀರು ತುಂಬಿ ಮುಂದಿನ ಸೀಟಿನ ಕೆಳಗೆ ಕಟ್ಟಿ. ಸುಮ್ನೆ ಇಡಬೇಡಿ, ಕಟ್ಟಿ. ಅದೇ ದಾರಿ, ಅದೇ ಸ್ಪೀಡ್. ಕುಣಿತ ನಿಂತಿತೋ? ಒಂದು ಕ್ಯಾನ್ ಖಾಲಿ ಮಾಡಿ ಮತ್ತೆ ಓಡಿಸಿ. ಎಷ್ಟಕ್ಕೆ ಮತ್ತೆ ಶುರುವಾಗುತ್ತದೆ ಎಂದು ಗೊತ್ತಾದರೆ ಎಷ್ಟು ಭಾರ ಮುಂದೆ ಹೋಗಬೇಕು ಎಂದು ಗೊತ್ತಾಯಿತು. ಆಮೇಲೆ ನೀರು ಚೆಲ್ಲಿ, ಹಿಂದಿನ ಭಾರವನ್ನೇ ಮುಂದೆ ತನ್ನಿ. ಪೆಟ್ರೋಲ್ ಟ್ಯಾಂಕಿಗೆ ಎರಡು ಮೀಟರ್ ಉದ್ದದ ಪೈಪ್ ಹಾಕಿದರೆ ಅದು ನಡುವಿಗೆ ಬರುತ್ತದೆ. ಬ್ಯಾಟರಿ ಮುಂದಿನ ಪೆಟ್ಟಿಗೆಗೆ ಹೋಗಲಿ, ವೈರ್ ಮಾತ್ರ ದಪ್ಪದ್ದು ಹಾಕಿಸಿ. ನೀವೂ ಒಂದು ಹಲಗೆ ಮುಂದೆ ಬನ್ನಿ. ಇಂಜಿನ್ ಹ್ಯಾಂಡಲಿಗೆ ಪಿವಿಸಿ ಪೈಪಿನ ತುಂಡು ಸಿಕ್ಕಿಸಿ ಉದ್ದ ಮಾಡಿಕೊಳ್ಳುವವರು ಇದ್ದಾರೆ. ಅಡ್ಡಿಯಿಲ್ಲ, ಆದರೆ ಪೈಪ್ ಜಾರದ ಹಾಗೆ ಕ್ಲಿಪ್ ಹಾಕಿ. ನೀವು ಬಿದ್ದರೆ ಇಂಜಿನ್ ನಿಲ್ಲಿಸಲು ಕೈಗೆ ಕಟ್ಟಿಕೊಳ್ಳುವ ಕೆಂಪು ಸುರುಳಿ ದಾರ ಅಲ್ಲಿಗೂ ಮುಟ್ಟಬೇಕು.

ಎರಡನೆಯದು ಪಿನ್. ಇಂಜಿನ್ ಎತ್ತಿ ಬ್ರಾಕೆಟ್ ನೋಡಿ. ಅಡ್ಡಕ್ಕೆ ಒಂದು ಕಬ್ಬಿಣದ ಕಡ್ಡಿ, ಪಿನ್ ಅಂದರೆ ಅದೇ. ಅದನ್ನು ಸಿಕ್ಕಿಸಲು ಬ್ರಾಕೆಟ್ಟಿನಲ್ಲಿ ನಾಲ್ಕೈದು ತೂತು. ಕಡ್ಡಿ ದೋಣಿಯಿಂದ ದೂರದ ತೂತಿನಲ್ಲಿದ್ದರೆ ಇಂಜಿನ್ನಿನ ಕಾಲು (ನೀರಿಗೆ ಇಳಿದ ಭಾಗ) ಹೊರಕ್ಕೆ ಚಾಚಿ ಮೂತಿ ಎತ್ತುತ್ತದೆ. ಹತ್ತಿರದ ತೂತಿಗೆ ಹಾಕಿದರೆ ಮೂತಿ ಇಳಿಯುತ್ತದೆ. ಒಂದೇ ತೂತು ಒಳಗೆ ಹಾಕಿ ನೋಡಿ. ಸಂತೋಷಕ್ಕೆ ಮೂರು ತೂತು ಒಳಗೆ ಹಾಕಿದಿರೋ, ಮೂತಿ ನೀರಿಗೆ ಕಚ್ಚಿಕೊಂಡು ದೋಣಿ ಮುಂದಿನಿಂದಲೇ ತಿರುಗಲು ನೋಡುತ್ತದೆ. ಅದು ಕುಣಿತಕ್ಕಿಂತ ಅಪಾಯ. ಪಿನ್ನನ್ನೂ ಭಾರವನ್ನೂ ಒಂದೇ ದಿನ ಬದಲಿಸಬೇಡಿ. ಯಾವುದರಿಂದ ಏನಾಯಿತು ಎಂದು ಆಮೇಲೆ ದೇವರಿಗೂ ಗೊತ್ತಾಗುವುದಿಲ್ಲ.

ಇಷ್ಟಾದರೂ ನಿಲ್ಲದಿದ್ದರೆ ದೋಣಿಯನ್ನು ಮಗುಚಿ ಹಾಕಿ. ಗಾರೆ ಕೆಲಸದವರ ಹತ್ತಿರ ಅಲ್ಯೂಮಿನಿಯಂ ಪಟ್ಟಿ ಇರುತ್ತದಲ್ಲ, ಅದನ್ನು ಹಿಂದಿನ ಐದಡಿಯ ತಳಕ್ಕೆ ಉದ್ದಕ್ಕೆ ಇಟ್ಟು ಪಟ್ಟಿಯ ಆಚೆ ಬದಿಯಿಂದ ಬೆಳಕು ಬಿಡಿ. ತಳ ನೇರವಾಗಿರಬೇಕು. ಹೊಟ್ಟೆ ಬಂದ ಹಾಗೆ ಉಬ್ಬಿದ್ದರೆ ಕುಣಿತಕ್ಕೆ ಅದೇ ಕಾರಣ. ಮಳೆಗಾಲವಿಡೀ ಎರಡೇ ತೆಂಗಿನ ಕೊರಡಿನ ಮೇಲೆ ದೋಣಿ ಕೂರಿಸುತ್ತೇವೆ, ಫೈಬರ್ ನಿಧಾನಕ್ಕೆ ಬಾಗುತ್ತದೆ. ಉಬ್ಬನ್ನು ತಿದ್ದುವುದು ಫೈಬರ್ ಕೆಲಸದವರ ಪಾಲು.

ಇನ್ನು ಫಿನ್. ಅದು ಕೆಲಸ ಮಾಡುವುದಿಲ್ಲ ಎಂದಲ್ಲ, ಹಿಂಭಾಗ ಎತ್ತುತ್ತದೆ ನಿಜ. ಆದರೆ ಬಹಳಷ್ಟು ಫಿನ್‌ಗಳಿಗೆ ಇಂಜಿನ್ನಿನ ತಟ್ಟೆಗೆ ನಾಲ್ಕು ತೂತು ಕೊರೆಯಬೇಕು. ಕೊರೆದ ತೂತು ಮತ್ತೆ ಮುಚ್ಚುವುದಿಲ್ಲ. ಟ್ಯಾಂಕ್ ಸರಿಸಿದರೆ ಹೋಗುವ ಕಾಯಿಲೆಗೆ ಆಪರೇಷನ್ ಯಾಕೆ?

ನೇರ ಹೋಗುವಾಗ ಸರಿ. ತಿರುಗಿಸಿದ ತಕ್ಷಣ ಇಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಗಿಯರ್ ಹೋಯಿತಾ?
— ಕೋಡಿ, ಕುಂದಾಪುರ

ಗಿಯರ್ ಹೋಗಿದ್ದರೆ ನೇರ ಹೋಗುವಾಗಲೂ ಕಿರುಚುತ್ತಿತ್ತು. ನಿಮ್ಮ ಫ್ಯಾನ್, ಅಂದರೆ ನೀರು ತಳ್ಳುವ ಪ್ರೊಪೆಲ್ಲರ್, ಗಾಳಿ ಕುಡಿಯುತ್ತಿದೆ. ತಿರುಗುವಾಗ ದೋಣಿ ವಾಲುತ್ತದೆ, ಮೇಲಿನ ಗಾಳಿ ಫ್ಯಾನಿನ ತನಕ ಸುಳಿದು ಬರುತ್ತದೆ. ಗಾಳಿಯನ್ನು ತಳ್ಳಿದರೆ ದೋಣಿ ಹೋಗುತ್ತದೆಯೇ?

ಫ್ಯಾನಿನ ಮೇಲೆ ಅಡ್ಡಕ್ಕೆ ಒಂದು ಚಪ್ಪಟೆ ತಟ್ಟೆ ಇದೆಯಲ್ಲ, ಅದು ಇರುವುದೇ ಈ ಗಾಳಿ ತಡೆಯಲು. ಅದು ದೋಣಿಯ ತಳದ ಮಟ್ಟಕ್ಕೆ ಇರಬೇಕು, ಇಲ್ಲವೇ ಒಂದು ಇಂಚಿನೊಳಗೆ ಕೆಳಗೆ. ಪಟ್ಟಿ ಇಟ್ಟು ಅಳೆಯಿರಿ. ಎರಡು ಇಂಚು ಮೇಲಿದ್ದರೆ ಇಂಜಿನ್ ಇಳಿಸಿ. ಇಳಿಸಲು ಜಾಗವೇ ಇಲ್ಲವಾದರೆ ಬೇರೆ ಅಳತೆಯ ಇಂಜಿನ್ ಕೊಂಡಿದ್ದೀರಿ. ಸಣ್ಣ ಇಂಜಿನ್‌ಗಳ ಕಾಲು ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಬರುತ್ತದೆ. ಒಂದು 15 ಇಂಚು ಎತ್ತರದ ಹಿಂಬದಿ ಹಲಗೆಗೆ, ಇನ್ನೊಂದು 20 ಇಂಚಿನದಕ್ಕೆ. ಅಗ್ಗಕ್ಕೆ ಸಿಕ್ಕಿತು ಅಂತ ಗಿಡ್ಡ ಕಾಲಿನ ಇಂಜಿನ್ನನ್ನು ಎತ್ತರದ ಹಲಗೆಗೆ ಹಾಕಿಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಉಲ್ಟಾ ಮಾಡಿದವರೂ ಇದ್ದಾರೆ. ಅವರ ದೋಣಿ ಗಾಳಿ ಕುಡಿಯುವುದಿಲ್ಲ, ಪೆಟ್ರೋಲ್ ಕುಡಿಯುತ್ತದೆ.

ಎತ್ತರ ಸರಿ ಇದ್ದರೆ ದೋಣಿಯ ತಳದ ನಡುಗೆರೆಯಲ್ಲಿ ಉದ್ದಕ್ಕೆ ಇರುವ ಪಟ್ಟಿ (ಕೀಲ್) ನೋಡಿ. ಮರಳಿಗೆ ಎಳೆದಾಗ ತಳ ಸವೆಯದಿರಲಿ ಅಂತ ದಪ್ಪದ ಪಟ್ಟಿ ಹಾಕಿಸುತ್ತೇವೆ. ಅದು ಮೊಂಡಾಗಿ ಫ್ಯಾನಿನ ಎದುರಿಗೇ ಮುಗಿದಿದ್ದರೆ ನೀರು ಅಲ್ಲಿ ಒಡೆದು ಗುಳ್ಳೆ ಎಬ್ಬಿಸುತ್ತದೆ. ಕೊನೆಯ ಒಂದಡಿಯನ್ನು ಇಳಿಜಾರಾಗಿ ಉಜ್ಜಿಸಿ. ನಮ್ಮ ಕಡೆ ನಾಲ್ಕು ದೋಣಿಗೆ ಇಷ್ಟೇ ಮಾಡಿ ಕಳಿಸಿದ್ದೇನೆ, ಒಂದೂ ವಾಪಸ್ ಬಂದಿಲ್ಲ.

ಹ್ಯಾಂಡಲ್ ಬಿಟ್ಟರೆ ದೋಣಿ ಬಲಕ್ಕೇ ಹೋಗುತ್ತದೆ. ಸಂಜೆ ಹೊತ್ತಿಗೆ ತೋಳು ನೋವು.
— ಭಟ್ಕಳ

ಮೊದಲ ಮಾತು, ಓಡುವಾಗ ಹ್ಯಾಂಡಲ್ ಬಿಡಬೇಡಿ. ಇನ್ನು ಕಾರಣ. ಫ್ಯಾನ್ ಒಂದೇ ಕಡೆ ತಿರುಗುವುದರಿಂದ ಇಂಜಿನ್ ಪಕ್ಕಕ್ಕೆ ಎಳೆಯುವುದು ಸಹಜ. ಅದನ್ನು ಸರಿಮಾಡಲೆಂದೇ ಫ್ಯಾನಿನ ಮೇಲೆ, ಹಿಂಭಾಗದಲ್ಲಿ ಮೀನಿನ ರೆಕ್ಕೆಯಂಥ ಒಂದು ತುಂಡು ನೇತಾಡುತ್ತಿರುತ್ತದೆ. ಬೋಲ್ಟ್ ಸಡಿಲಿಸಿ ಅದರ ಹಿಂತುದಿಯನ್ನು ದೋಣಿ ಎಳೆಯುವ ಕಡೆಗೇ ತಿರುಗಿಸಿ. ನಿಮ್ಮದು ಬಲಕ್ಕೆ ಎಳೆದರೆ ತುದಿ ಬಲಕ್ಕೆ. ಬುದ್ಧಿಗೆ ಉಲ್ಟಾ ಅನಿಸುತ್ತದೆ, ಆದರೆ ಹಾಗೇ. ಒಂದು ಬೆಂಕಿಕಡ್ಡಿ ದಪ್ಪದಷ್ಟು ತಿರುಗಿಸಿ ಓಡಿಸಿ ನೋಡಿ, ಸಾಲದಿದ್ದರೆ ಇನ್ನಷ್ಟು. ಬಹಳಷ್ಟು ಇಂಜಿನ್‌ಗಳಲ್ಲಿ ಉಪ್ಪುನೀರಿಗೆ ಮೊದಲು ಕರಗಿ ಇಂಜಿನ್ ಉಳಿಸುವ ಲೋಹವೂ ಅದೇ ತುಂಡು. ಚೆಂದ ಕಾಣಲಿ ಅಂತ ಅದಕ್ಕೆ ಪೇಂಟ್ ಹೊಡೆಯಬೇಡಿ. ಹೊಡೆದರೆ ಅದು ಉಳಿಯುತ್ತದೆ, ಇಂಜಿನ್ ಕರಗುತ್ತದೆ.

ಅಣ್ಣ, ಸ್ವರ್ಣಾ ನದಿ ದಡದಲ್ಲಿ ನಮ್ಮದೊಂದು ಹೋಮ್‌ಸ್ಟೇ ಇದೆ. ಅತಿಥಿಗಳನ್ನು ಕೋಡಿಬೆಂಗ್ರೆಯ ತನಕ ದೋಣಿಯಲ್ಲಿ ಕರೆದುಕೊಂಡು ಹೋಗುತ್ತೇವೆ. ಬೆಳಿಗ್ಗೆ ಹೋದವರು ನಗುತ್ತಾ ಬರುತ್ತಾರೆ. ಸಂಜೆ ಹೋದವರು ಸೊಂಟ ಹಿಡಿದುಕೊಂಡು ಇಳಿಯುತ್ತಾರೆ. ಕಳೆದ ವಾರ ಬೆಂಗಳೂರಿನ ಒಬ್ಬರು ಅಜ್ಜಿ ‘ಇದಕ್ಕಿಂತ ನಮ್ಮ ರಿಂಗ್ ರೋಡೇ ವಾಸಿ’ ಅಂದರು. ಸೀಟಿಗೆ ಸ್ಪ್ರಿಂಗ್ ಹಾಕಿಸಬಹುದಾ?
— ಕೆಮ್ಮಣ್ಣಿನ ಸಹೋದರಿ

ತಂಗೀ, ಅಜ್ಜಿಯ ಮಾತು ಕೇಳಿ ನಗು ಬಂತು. ಆದರೆ ಸೊಂಟದ ವಿಷಯ ತಮಾಷೆಯಲ್ಲ. ಜೋರಾಗಿ ಕುಟ್ಟಿದರೆ ವಯಸ್ಸಾದವರ ಬೆನ್ನುಮೂಳೆಗೇ ಪೆಟ್ಟಾಗಬಹುದು.

ಬೆಳಿಗ್ಗೆ ಮತ್ತು ಸಂಜೆಗೆ ಯಾಕೆ ವ್ಯತ್ಯಾಸ? ದೋಣಿ ಅದೇ, ನೀರು ಬೇರೆ. ಬೆಳಿಗ್ಗೆ ದಡದ ಕಡೆಯಿಂದ ಮೆಲ್ಲಗೆ ಗಾಳಿ, ನೀರು ಕನ್ನಡಿ. ಮಧ್ಯಾಹ್ನ ನೆಲ ಕಾದ ಮೇಲೆ ಕಡಲ ಗಾಳಿ ಎದ್ದು ಅಳಿವೆ ಹತ್ತಿರ ಒತ್ತೊತ್ತಾಗಿ ಸಣ್ಣ ತೆರೆ ಎಬ್ಬಿಸುತ್ತದೆ. ಕುಟ್ಟುವುದು ಈ ಸಣ್ಣ ತೆರೆಯೇ. ಆದ್ದರಿಂದ ನನ್ನ ಮೊದಲ ಸಲಹೆಗೆ ಪೈಸೆ ಖರ್ಚಿಲ್ಲ. ವಯಸ್ಸಾದವರನ್ನು ಬೆಳಿಗ್ಗೆ ಹತ್ತರೊಳಗೆ ಕರೆದುಕೊಂಡು ಹೋಗಿ.

ಎರಡನೆಯದಕ್ಕೂ ಖರ್ಚಿಲ್ಲ. ನೀರಿನ ಪೆಟ್ಟು ಸ್ಪೀಡಿನ ಲೆಕ್ಕದಲ್ಲಿ ಏರುವುದಿಲ್ಲ, ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುವವರು 25ಕ್ಕೆ ಇಳಿಸಿದರೆ ಪೆಟ್ಟು ನೂರಕ್ಕೆ ಮೂವತ್ತರಷ್ಟು ಕಮ್ಮಿ. ಕೋಡಿಬೆಂಗ್ರೆಗೆ ಎರಡು ನಿಮಿಷ ತಡವಾಗಬಹುದು, ಅಷ್ಟೇ. ನಿಮ್ಮ ಹುಡುಗನಿಗೆ ಇನ್ನೊಂದು ಮಾತು ಹೇಳಿ. ತೆರೆಗೆ ಎದೆ ಕೊಟ್ಟು ನೇರ ಹೋಗದೆ ಸ್ವಲ್ಪ ಓರೆಯಾಗಿ ಹತ್ತಿಸಬೇಕು. ಮೂತಿ ಸ್ವಲ್ಪ ಕೆಳಗಿರಲಿ. ಮುಂಭಾಗದ ಚೂಪು ತೆರೆಯನ್ನು ಸೀಳುತ್ತದೆ. ಮೂತಿ ಎತ್ತಿ ಹೋದರೆ ನಡುವಿನ ಚಪ್ಪಟೆ ತಳ ತೆರೆಗೆ ಬಡಿಯುತ್ತದೆ, ಒಗೆಯುವ ಕಲ್ಲಿಗೆ ಬಟ್ಟೆ ಬಡಿದ ಹಾಗೆ.

ಕೂರಿಸುವ ಜಾಗವೂ ಮುಖ್ಯ. ‘ಮುಂದೆ ಕೂತರೆ ಚೆಂದ ಕಾಣುತ್ತದೆ’ ಅಂತ ಅಜ್ಜಿಯನ್ನು ಮೂತಿಯ ಹತ್ತಿರ ಕೂರಿಸಿದ್ದೀರಿ ತಾನೇ? ಬಸ್ಸಿನಲ್ಲಿ ಹಿಂದಿನ ಸೀಟು ಹೇಗೋ ದೋಣಿಯಲ್ಲಿ ಮುಂದಿನ ಸೀಟು ಹಾಗೆ, ಅತಿ ಜಾಸ್ತಿ ಎಗರುವುದು ಅದೇ. ನಡುವಿನಿಂದ ಸ್ವಲ್ಪ ಹಿಂದೆ ಕೂರಿಸಿ.

ಸ್ಪ್ರಿಂಗ್ ಬೇಡ. ಸಾದಾ ಸ್ಪ್ರಿಂಗ್ ಒತ್ತಿದ್ದನ್ನು ಹಾಗೇ ವಾಪಸ್ ಎಸೆಯುತ್ತದೆ. ಮೆತ್ತನೆ ಸೋಫಾ ಸ್ಪಂಜೂ ಬೇಡ, ಮೊದಲ ಪೆಟ್ಟಿಗೇ ಹಲಗೆ ಸಿಗುತ್ತದೆ. ಕೈಯಿಂದ ಒತ್ತಿದರೆ ನಿಧಾನಕ್ಕೆ ಇಳಿದು ನಿಧಾನಕ್ಕೆ ಏಳುವ ಗಟ್ಟಿ ಫೋಮ್ ಕೇಳಿ, ಮೂರ್ನಾಲ್ಕು ಇಂಚು ದಪ್ಪ ಇರಲಿ. ರೆಕ್ಸಿನ್ ಕವರಿನ ಅಡಿಗೆ ನೀರು ಇಳಿಯಲು ತೂತು ಇಡಿಸಿ.

ತಳದ ಆಕಾರವನ್ನು ಮಾತ್ರ ನೀವು ಬದಲಿಸಲಾರಿರಿ. ನಮ್ಮ ಹೊಳೆ ದೋಣಿಗಳ ತಳ ಚಪ್ಪಟೆ. ಕಡಿಮೆ ನೀರಿನಲ್ಲಿ ಹೋಗಲು, ಅಲುಗಾಡದೆ ನಿಲ್ಲಲು ಅದೇ ಸರಿ. ತೆರೆ ಸೀಳುವುದಕ್ಕೆ ಹಿಂದಿನ ತನಕ ಆಳವಾದ ‘ವಿ’ ಆಕಾರ ಬೇಕು. ಅಮೆರಿಕದ ರೇ ಹಂಟ್ ಎಂಬ ವಿನ್ಯಾಸಕ ಅಂಥ ತಳ ಮಾಡಿದ. ಆ ತಳದ ‘ಮಾಪಿ’ ಎಂಬ ಬೋಟು 1960ರಲ್ಲಿ ಮಯಾಮಿಯಿಂದ ನಸ್ಸಾವಿನ ತನಕದ ಕಡಲ ರೇಸನ್ನು ಒರಟು ನೀರಿನಲ್ಲೇ ಗೆದ್ದಿತು. ಅಲ್ಲಿಂದ ಆ ತಳ ಜಗತ್ತಿಗೆಲ್ಲ ಹಬ್ಬಿತು. ಆದರೆ ಅದಕ್ಕೆ ಇಂಜಿನ್ ದೊಡ್ಡದು ಬೇಕು, ಆಳ ಬೇಕು, ನಿಂತಾಗ ಜಾಸ್ತಿ ವಾಲುತ್ತದೆ. ಸ್ವರ್ಣೆಯ ಮರಳು ದಿಬ್ಬದ ಮೇಲೆ ಅದನ್ನು ಓಡಿಸಿದರೆ ಅಜ್ಜಿ ಇಳಿದು ತಳ್ಳಬೇಕಾದೀತು.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ನಮ್ಮ ಅಡಿಕೆ ತೋಟ ಮಾತ್ರ ಇನ್ನೂ ನೀರಿನಾಚೆಯೇ ಇದೆ. ಅದಕ್ಕೆ ಮಲ್ಪೆಯಿಂದ ಹಳೇ ದೋಣಿ ಮತ್ತು ಇಂಜಿನ್ ತಂದೆ. ಅಲ್ಲಿ ಟ್ರಯಲ್ ನೋಡಿದಾಗ ಹಾರಿತ್ತು. ಇಲ್ಲಿ ಹಿನ್ನೀರಿಗೆ ಇಳಿಸಿದರೆ ಮೂತಿ ಎತ್ತಿಕೊಂಡು ತೆವಳುತ್ತದೆ. ಪುಸ್ತಕದಲ್ಲಿ ಫುಲ್ ಥ್ರಾಟಲ್‌ಗೆ 5000ದಿಂದ 6000 ಆರ್‌ಪಿಎಂ ಅಂತ ಇದೆ, ನನಗೆ 4600 ಮೇಲೆ ಏರುವುದಿಲ್ಲ. ಮೋಸ ಹೋದೆನಾ?
— ಸಾಗರ ತಾಲೂಕು

ಇಲ್ಲ ಮಾರಾಯರೇ. ನಿಮ್ಮ ಇಂಜಿನ್ ಘಟ್ಟ ಹತ್ತಿದೆ, ಅಷ್ಟೇ.

ನಿಮ್ಮ ಹಿನ್ನೀರಿನ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 1819 ಅಡಿ ಮೇಲೆ. ಮೇಲೆ ಹೋದ ಹಾಗೆ ಗಾಳಿ ತೆಳು. ಪ್ರತಿ ಸಾವಿರ ಅಡಿಗೆ ಇಂಜಿನ್ನಿನ ಶಕ್ತಿ ನೂರಕ್ಕೆ ಮೂರರಷ್ಟು ಕಮ್ಮಿಯಾಗುತ್ತದೆ. ಅಂದರೆ ನಿಮಗೆ ನೂರಕ್ಕೆ ಐದು ಖೋತಾ. ಸಿಹಿನೀರು ಉಪ್ಪುನೀರಿಗಿಂತ ಹಗುರ, ದೋಣಿ ಸ್ವಲ್ಪ ಜಾಸ್ತಿ ಮುಳುಗುತ್ತದೆ. ಆದರೆ ಅದು ಕೆಲವೇ ಮಿಲಿಮೀಟರ್, ಅದರ ಮೇಲೆ ತಪ್ಪು ಹೊರಿಸಬೇಡಿ. ದೊಡ್ಡ ಕಾರಣ ಬೇರೆ. ಮಲ್ಪೆಯ ಟ್ರಯಲಿನಲ್ಲಿ ನೀವು ಇಬ್ಬರಿದ್ದಿರಿ. ತೋಟಕ್ಕೆ ಹೋಗುವಾಗ ನಾಲ್ಕು ಆಳು, ಆರು ಮೂಟೆ ಗೊಬ್ಬರ. ಅಲ್ವಾ?

ಹಗುರ ದೋಣಿಗೆ ಹಾಕಿದ್ದ ಫ್ಯಾನ್ ನಿಮಗೆ ಭಾರ. ಫ್ಯಾನಿನ ಮೇಲೆ ಎರಡು ಅಂಕಿ ಒತ್ತಿರುತ್ತಾರೆ. ಮೊದಲನೆಯದು ಅಗಲ, ಎರಡನೆಯದು ಪಿಚ್. ಪಿಚ್ 12 ಅಂದರೆ, ಮರಕ್ಕೆ ಸ್ಕ್ರೂ ತಿರುಗಿಸಿದ ಹಾಗೆ, ಒಂದು ಸುತ್ತಿಗೆ 12 ಇಂಚು ಮುಂದೆ ಹೋಗುವ ಲೆಕ್ಕ. ನೀರು ಮರವಲ್ಲ, ಸ್ವಲ್ಪ ಜಾರುತ್ತದೆ. ಜಾಸ್ತಿ ಪಿಚ್ ಅಂದರೆ ಟಾಪ್ ಗೇರ್. ಭಾರ ಹೊತ್ತು ಟಾಪ್ ಗೇರಿನಲ್ಲಿ ಆಗುಂಬೆ ಘಾಟಿ ಹತ್ತುವವರುಂಟೇ? ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ನಿಮ್ಮದು 12 ಆಗಿದ್ದರೆ 10ರದ್ದು ಹಾಕಿ. 5000 ಹತ್ತಿರ ಬರುತ್ತದೆ, ದೋಣಿ ಬೇಗ ಎದ್ದು ಓಡುತ್ತದೆ. ಹಳೇದನ್ನು ಎಸೆಯಬೇಡಿ, ಒಬ್ಬರೇ ಹೋಗುವ ದಿನಕ್ಕೆ ಇರಲಿ. 4600ರಲ್ಲೇ ಪೂರ್ತಿ ಥ್ರಾಟಲ್ ಹಿಡಿದು ದಿನಾ ಓಡಿಸಿದರೆ ಇಂಜಿನ್ ಬಿಸಿಯಾಗಿ ಇಂಗಾಲ ಕಟ್ಟಿ ಬೇಗ ಹಾಳಾಗುತ್ತದೆ.

ಅದಕ್ಕೂ ಮೊದಲು ಒಂದು ಪರೀಕ್ಷೆ. ಫ್ಯಾನಿನ ನಡುವೆ ರಬ್ಬರ್ ಬುಷ್ ಇರುತ್ತದೆ. ಏನಾದರೂ ತಾಗಿದರೆ ಗಿಯರ್ ಮುರಿಯದ ಹಾಗೆ ಅದು ಜಾರುತ್ತದೆ. ಒಮ್ಮೆ ಜಾರಿದ್ದು ಆಮೇಲೆ ಸುಮ್ಮಸುಮ್ಮನೆ ಜಾರುತ್ತದೆ. ಮನೆಯವರ ಉಗುರು ಬಣ್ಣ ಕೇಳಿ ತಂದು, ಒಳಗಿನ ಲೋಹದ ಬಳೆಯಿಂದ ಹೊರಗಿನ ಫ್ಯಾನಿನ ತನಕ ಒಂದೇ ಗೆರೆ ಎಳೆಯಿರಿ. ಚೆನ್ನಾಗಿ ಒಣಗಲಿ. ಒಂದು ಸುತ್ತು ಜೋರಾಗಿ ಹೋಗಿ ಬನ್ನಿ. ಗೆರೆ ಎರಡು ತುಂಡಾಗಿ ಆಚೀಚೆ ಸರಿದಿದ್ದರೆ ಬುಷ್ ಹೋಗಿದೆ. ಆದರೆ ಬುಷ್ ಜಾರಿದರೆ ಆರ್‌ಪಿಎಂ ಏರುತ್ತದೆ, ನಿಮ್ಮದು ಇಳಿದಿದೆ. ಹಾಗಾಗಿ ನನ್ನ ಅನುಮಾನ ಪಿಚ್ ಮೇಲೆಯೇ. ಆದರೂ ಗೆರೆ ಇರಲಿ. ಬೇಸಿಗೆಯಲ್ಲಿ ನಿಮ್ಮ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳು ತಲೆ ಎತ್ತುತ್ತವೆ, ಆಗ ಉಪಯೋಗಕ್ಕೆ ಬರುತ್ತದೆ. ದೋಣಿಯಲ್ಲಿ ಒಂದು ಜೊತೆ ಹುಟ್ಟು ಇಟ್ಟುಕೊಂಡೇ ಹೋಗಿ.

ಹನ್ನೆರಡು ವರ್ಷ ಹಳೆಯ ದೋಣಿ. ವರ್ಷ ವರ್ಷಕ್ಕೂ ನಿಧಾನವಾಗುತ್ತಿದೆ, ತೆರೆಗೆ ಏಳುವುದೇ ಇಲ್ಲ. ಇಂಜಿನ್ ಎರಡು ಸಲ ಸರ್ವಿಸ್ ಆಯಿತು. ತಳ ಉಜ್ಜಿ ಚಿಪ್ಪು ತೆಗೆದೂ ಆಯಿತು.
— ತದಡಿ

ನಿಮ್ಮ ಪತ್ರ ಓದಿ ನನಗೆ ನಾಚಿಕೆಯ ಒಂದು ಸಂಗತಿ ನೆನಪಾಯಿತು. ಹೇಳಿಬಿಡುತ್ತೇನೆ.

ಬಹಳ ವರ್ಷದ ಹಿಂದೆ ನಮ್ಮೂರಿನ ಒಬ್ಬರು ಇದೇ ದೂರು ತಂದರು. ನಾನು ಕಾರ್ಬ್ಯುರೇಟರ್ ತೊಳೆದೆ. ಸ್ಪಾರ್ಕ್ ಪ್ಲಗ್ ಬದಲಿಸಿದೆ. ಮುಂದಿನ ವರ್ಷ ಹೊಸ ಫ್ಯಾನ್ ಮಾರಿದೆ. ಅದರ ಮುಂದಿನ ವರ್ಷ ‘ಇಂಜಿನ್ನಿಗೆ ವಯಸ್ಸಾಯಿತು’ ಅಂದೆ. ಅವರು ಪಾಪ ನಂಬಿದರು. ಒಮ್ಮೆ ದೋಣಿಯನ್ನು ಟೆಂಪೋದಲ್ಲಿ ಸಾಗಿಸುವಾಗ ಡ್ರೈವರ್ ಅನುಮಾನದಿಂದ ವೇಬ್ರಿಡ್ಜ್ ಹತ್ತಿಸಿದ. ಇಂಜಿನ್ ಇಲ್ಲದ ಬರೀ ದೋಣಿ 410 ಕೆಜಿ! ಕೊಂಡಾಗ 260 ಇತ್ತು. ಒಂದೂವರೆ ಕ್ವಿಂಟಲ್ ಎಲ್ಲಿಂದ ಬಂತು?

ಶೆಡ್ಡಿನಲ್ಲಿ ಮೂತಿ ಎತ್ತಿ ನಿಲ್ಲಿಸಿ, ನೆಲದ ಹಲಗೆಗೆ ಹಿಂದಿನ ಮೂಲೆಯಲ್ಲಿ ಪೆನ್ಸಿಲ್ ಗಾತ್ರದ ತೂತು ಕೊರೆದೆವು. ಮೊದಲು ಏನೂ ಇಲ್ಲ. ಆಮೇಲೆ ಒಂದು ಹನಿ, ಟೀ ಬಣ್ಣದ್ದು. ಕೊಳೆತ ತೆಂಗಿನ ನಾರಿನ ವಾಸನೆ. ಕೆಳಗೆ ಬಕೆಟ್ ಇಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಕೆಟ್ ತುಂಬಿ ನೆಲವೆಲ್ಲ ಒದ್ದೆ. ಮುಳುಗದಿರಲಿ ಅಂತ ನೆಲ ಮತ್ತು ತಳದ ನಡುವೆ ಫೋಮ್ ತುಂಬಿರುತ್ತಾರೆ. ಸೀಟಿನ ಸ್ಕ್ರೂ ತೂತಿನಿಂದ ಹನಿಹನಿಯಾಗಿ ನೀರು ಇಳಿದು ಆ ಫೋಮ್ ವರ್ಷಗಟ್ಟಲೆ ಕುಡಿದಿತ್ತು. ಫ್ಯಾನಿನ ದುಡ್ಡು ವಾಪಸ್ ಕೊಟ್ಟೆ. ಅವರು ತೆಗೆದುಕೊಂಡರು, ಆದರೆ ಒಂದು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಹಾಗಾಗಿ ನಿಮಗೆ ಮೊದಲೇ ಹೇಳುತ್ತೇನೆ, ತೂಕ ಮಾಡಿಸಿ. ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ಗೇಣಿಗೊಂದು ಸಲ ಬಡಿಯಿರಿ. ಟಕ್ ಟಕ್ ಅಂದರೆ ಒಣಗಿದೆ. ಹಲಸಿನ ಹಣ್ಣು ಬಡಿದ ಹಾಗೆ ಡಬ್ ಡಬ್ ಅಂದರೆ ಒಳಗೆ ನೀರು ಅಥವಾ ಕೊಳೆ. ಇಂಜಿನ್ ಕೂರುವ ಹಿಂದಿನ ಹಲಗೆಯನ್ನೂ ನೋಡಿ. ಇಂಜಿನ್ ಎತ್ತಿಟ್ಟು ಅದರ ಕಾಲನ್ನು ಮೆಲ್ಲಗೆ ಕೆಳಗೆ ಒತ್ತಿ, ಇನ್ನೊಬ್ಬರು ಹಲಗೆ ನೋಡುತ್ತಿರಲಿ. ಹಲಗೆ ಉಸಿರಾಡಿದ ಹಾಗೆ ಅಲುಗಿದರೆ ಫೈಬರ್ ಒಳಗಿನ ಪ್ಲೈವುಡ್ ಕೊಳೆತಿದೆ. ಹಾಗಿದ್ದರೆ ರಿಪೇರಿ ಆಗುವ ತನಕ ಅದನ್ನು ನೀರಿಗೆ ಇಳಿಸಲೇಬೇಡಿ. ಇಂಜಿನ್ ಹಲಗೆ ಸಮೇತ ಕಿತ್ತು ಹೋದದ್ದನ್ನು ಕಂಡಿದ್ದೇನೆ. ಫೋಮ್ ಒದ್ದೆಯಾಗಿದ್ದರೆ ನೆಲ ಬಿಚ್ಚಿ ಪೂರ್ತಿ ತೆಗೆಸಬೇಕು, ಬಿಸಿಲಿಗೆ ಇಟ್ಟರೆ ಒಣಗುವುದಿಲ್ಲ. ಹೊಸದು ನೀರು ಕುಡಿಯದ ಜಾತಿಯದ್ದು ಹಾಕಿಸಿ. ಖರ್ಚು ಇದೆ. ಹೊಸ ಇಂಜಿನ್ನಿಗಿಂತ ಕಡಿಮೆ.

ವಾಪಸ್ ಬರುವಾಗ ಅಳಿವೆಯಲ್ಲಿ ಹಿಂದಿನಿಂದ ತೆರೆ ಬಂದರೆ ದೋಣಿ ಅಡ್ಡ ತಿರುಗುತ್ತದೆ. ಹೇಗೆ ಓಡಿಸುವುದು?
— ಹೆಸರು ಬೇಡ ಎಂದವರು

ಪತ್ರಿಕೆ ಓದಿ ಅಳಿವೆ ದಾಟಲು ಕಲಿಯಬೇಡಿ. ಆ ಅಳಿವೆಯನ್ನೇ ದಿನಾ ದಾಟುವ, ದೋಣಿ ನಡೆಸುವ ತಾಂಡೇಲರೊಬ್ಬರ ಜೊತೆ ಹತ್ತು ಸಲ ಹೋಗಿ ಬನ್ನಿ. ದೋಣಿಯ ಬಗ್ಗೆ ಮಾತ್ರ ನಾನು ಹೇಳುತ್ತೇನೆ. ಹಿಂದಿನ ತೆರೆ ಹಿಂಭಾಗ ಎತ್ತಿದಾಗ ಮೂತಿ ಮುಂದಿನ ತೆರೆಗೆ ಚುಚ್ಚಿಕೊಳ್ಳುತ್ತದೆ, ಹಿಂಭಾಗ ಪಕ್ಕಕ್ಕೆ ಓಡುತ್ತದೆ. ಅಡ್ಡ ಬಿದ್ದ ದೋಣಿಯನ್ನು ಮುಂದಿನ ತೆರೆ ಮಗುಚುತ್ತದೆ. ಹಾಗಾಗಿ ಇಲ್ಲಿ ಮಾತ್ರ ಮೂತಿ ಹಗುರ ಇರಬೇಕು. ಬಲೆ, ಮೀನಿನ ಬುಟ್ಟಿ ಮುಂದಿದ್ದರೆ ಅಳಿವೆಗೆ ಬರುವ ಮೊದಲೇ ನಡುವಿಗೆ ತನ್ನಿ. ಪಿನ್ ಒಂದು ತೂತು ಹೊರಗಿರಲಿ, ತಳದ ನೀರು ಪೂರ್ತಿ ಎತ್ತಿ ಹಾಕಿ. ಒಂದು ತೆರೆಯ ಬೆನ್ನಿನ ಮೇಲೆ ಅದರದ್ದೇ ಸ್ಪೀಡಿನಲ್ಲಿ ಬನ್ನಿ. ಅದನ್ನು ಹಿಂದೆ ಹಾಕಬೇಡಿ, ಹಿಂದಿನದು ನಿಮ್ಮನ್ನು ಹಿಡಿಯಲೂ ಬಿಡಬೇಡಿ. ಇಳಿತದ ನೀರು ಹೊರಗೆ ಹರಿಯುವಾಗ ತೆರೆ ಎದ್ದು ನಿಲ್ಲುತ್ತದೆ. ಹೊರಗೇ ಕಾದು ಉಬ್ಬರಕ್ಕೆ ಒಳಗೆ ಬನ್ನಿ. ಲೈಫ್ ಜಾಕೆಟ್ ಸೀಟಿನ ಕೆಳಗೆ ಇರುವುದಕ್ಕಲ್ಲ.

ನಾನು ಹತ್ತನೇ ಕ್ಲಾಸು. ಅಪ್ಪನ ದೋಣಿ 16 ಅಡಿ ಇದೆ. ನಿಧಾನ ಹೋಗುವಾಗ ಮೂತಿ ಕೆಳಗಿರುತ್ತದೆ, ಸ್ವಲ್ಪ ಸ್ಪೀಡ್ ಮಾಡಿದರೆ ಏಳುತ್ತದೆ, ಇನ್ನೂ ಸ್ಪೀಡ್ ಮಾಡಿದರೆ ಮತ್ತೆ ಇಳಿಯುತ್ತದೆ. ಯಾಕೆ?
— ಕಾರವಾರ

ಶಭಾಷ್! ಈ ಪ್ರಶ್ನೆಯನ್ನು ನಿಮ್ಮಪ್ಪ ಕೇಳಿರಲಿಕ್ಕಿಲ್ಲ.

ದೋಣಿ ತಾನೇ ಒಂದು ತೆರೆ ಎಬ್ಬಿಸಿಕೊಂಡು ಹೋಗುತ್ತದೆ. ಸ್ಪೀಡ್ ಹೆಚ್ಚಿದ ಹಾಗೆ ಒಂದು ತೆರೆಗೂ ಇನ್ನೊಂದಕ್ಕೂ ದೂರ ಹೆಚ್ಚುತ್ತದೆ. ಗಂಟೆಗೆ 5 ಕಿಲೋಮೀಟರಿನಲ್ಲಿ ಆ ದೂರ ನಾಲ್ಕಡಿ. ನಿಮ್ಮ ದೋಣಿಯ ಉದ್ದಕ್ಕೆ ನಾಲ್ಕು ತೆರೆ ಹಿಡಿಯುತ್ತವೆ, ದೋಣಿ ಮಟ್ಟಸ ನಿಲ್ಲುತ್ತದೆ. 10 ಕಿಲೋಮೀಟರಿಗೆ ದೂರ 16 ಅಡಿ. ಮೂತಿಯ ಹತ್ತಿರ ಒಂದು, ಹಿಂದೆ ಒಂದು, ನಡುವೆ ಹಳ್ಳ. ಇನ್ನೂ ಹೆಚ್ಚಿಸಿದರೆ ಹಿಂದಿನ ತೆರೆ ದೋಣಿಯಿಂದ ಆಚೆ ಹೋಗಿ ಹಿಂಭಾಗ ಹಳ್ಳಕ್ಕೆ ಬೀಳುತ್ತದೆ. ದೋಣಿ ತನ್ನದೇ ತೆರೆಯ ಗುಡ್ಡ ಹತ್ತಬೇಕು. ಮೂತಿ ಏಳುವುದು ಆಗ. ಇಂಜಿನ್ನಿಗೆ ಶಕ್ತಿ ಇದ್ದರೆ ಗುಡ್ಡ ಹತ್ತಿ ನೀರಿನ ಮೇಲೆ ಜಾರತೊಡಗುತ್ತದೆ, ಮೂತಿ ಇಳಿಯುತ್ತದೆ. ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಇಂಜಿನಿಯರ್ 1870ರ ದಶಕದಲ್ಲಿ ಉದ್ದನೆಯ ತೊಟ್ಟಿಯಲ್ಲಿ ಹಡಗಿನ ಸಣ್ಣ ಮಾದರಿಗಳನ್ನು ಎಳೆದು ಇಂಥವನ್ನೆಲ್ಲ ಅಳೆದ. ನಿನಗೆ ತೊಟ್ಟಿ ಬೇಡ, ಕಾಳಿ ನದಿ ಇದೆ. ಭಾನುವಾರ ಬೆಳಿಗ್ಗೆ ನೀರು ಶಾಂತ ಇರುವಾಗ ಜಾಕೆಟ್ ಹಾಕಿಕೊಂಡು ನಡುವಿನ ಸೀಟಿನಲ್ಲಿ ಕೂತು, ಅಪ್ಪನಿಗೆ ನಿಧಾನಕ್ಕೆ ಸ್ಪೀಡ್ ಹೆಚ್ಚಿಸಲು ಹೇಳು. ದೋಣಿಯ ಪಕ್ಕದಲ್ಲಿ ತೆರೆಯ ತಲೆ ಎಲ್ಲೆಲ್ಲಿ ಬರುತ್ತದೆ ಎಂದು ಸೀಮೆಸುಣ್ಣದಿಂದ ಅಂಚಿನ ಒಳಗೆ ಗುರುತು ಮಾಡು. ಫೋನಿನಲ್ಲಿ ಸ್ಪೀಡ್ ಬರೆದುಕೋ. ಚಿತ್ರ ಬರೆದು ನನಗೆ ಕಳಿಸು, ಮುಂದಿನ ತಿಂಗಳು ಹಾಕೋಣ.